ಗೋಡೆಯ ಮೇಲಿನ ತಮಟೆಯವನು ಯಾರು?

ನಮ್ಮ ಸೀಮೆಯ ಗೋಡೆಗಳ ಮೇಲೆ ತಮಟೆಯವನು ಕುಣಿಯುತ್ತಲೇ ಇದ್ದಾನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿ ಬಸ್ಸಿಳಿದರೂ ಯಾವುದೋ ಕಾಂಪೌಂಡಿನ ಮೇಲೆ, ಯಾವುದೋ ಉತ್ಸವದ ಫ್ಲೆಕ್ಸಿನಲ್ಲಿ ಅವನೇ. ತಲೆಗೆ ಪೇಟ, ಕಾಲಿಗೆ ಗೆಜ್ಜೆ, ಮುಖದ ತುಂಬ ನಗು. ಸ್ವಲ್ಪ ಹತ್ತಿರ ಹೋಗಿ ನೋಡಿ. ಎರಡೂ ಕೈಯಲ್ಲಿ ಒಂದೇ ಅಳತೆಯ ಕೋಲು! ತಮಟೆ ಬಲ್ಲವರಿಗೆ ಅಷ್ಟೇ ಸಾಕು. ಬಲಗೈಗೆ ದಪ್ಪ ಕೋಲು, ಎಡಗೈಗೆ ತೆಳ್ಳನೆಯ ಕಡ್ಡಿ ಎಂಬುದನ್ನೂ ನೋಡದೆ ಬರೆದ ಚಿತ್ರ ಅದು.

ಒಂದು ಕಡ್ಡಿಗಾಗಿ ಜಗಳವೇ ಎನ್ನಬೇಡಿ. ಕಡ್ಡಿಯನ್ನೇ ನೋಡದ ಕಣ್ಣು ಮನುಷ್ಯನನ್ನು ನೋಡಿರುತ್ತದೆಯೇ? ಸಾವಿಗೆ, ಜಾತ್ರೆಗೆ, ಊರಿಗೆ ಸುದ್ದಿ ಸಾರಲು ಕೇರಿಯವರು ತಮಟೆ ಬಡಿಯಲೇಬೇಕಿತ್ತು. ಅದು ಕಲೆಯೆಂದು ಯಾರೂ ಹೊಗಳಲಿಲ್ಲ, ಚಾಕರಿ ಎಂದರು. ಇನ್ನು ಬಡಿಯುವುದಿಲ್ಲ ಎಂದು ತಮಟೆ ಕೆಳಗಿಟ್ಟವರಿದ್ದಾರೆ. ಅದೇ ತಮಟೆಯನ್ನು ದಲಿತ ಚಳವಳಿಯ ಮೆರವಣಿಗೆಗೆ ಎತ್ತಿಕೊಂಡವರೂ ಇದ್ದಾರೆ. ಗೋಡೆಯ ನಗುಮುಖದಲ್ಲಿ ಇವರಿಬ್ಬರೂ ಇಲ್ಲ. ಅಲ್ಲಿರುವುದು 'ಜಾನಪದ' ಎಂಬ ಬೊಂಬೆ.

2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ ಪದ್ಮಶ್ರೀ ಬಂತು. ಸಂತೋಷಪಟ್ಟೆವು, ಚಪ್ಪಾಳೆ ಹೊಡೆದೆವು. ದೇಶವೇ ಹೆಸರು ಹಿಡಿದು ಕರೆದ ಮೇಲೂ ನಮ್ಮ ಗೋಡೆಯ ತಮಟೆಯವನಿಗೆ ಹೆಸರು ಬರಲಿಲ್ಲ.

ಇಲ್ಲಿ ದೂರದ ಒಬ್ಬ ಹೆಣ್ಣುಮಗಳು ನೆನಪಾಗುತ್ತಾಳೆ. ಟೊನಿಟಾ ಪೆನ್ಯಾ, 1893ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸ್ಯಾನ್ ಇಲ್ಡೆಫಾನ್ಸೊ ಎಂಬ ಊರಲ್ಲಿ ಹುಟ್ಟಿದ ಪುಯೆಬ್ಲೊ ಮೂಲನಿವಾಸಿ ಹೆಂಗಸು. ಅಲ್ಲಿ ಹೆಂಗಸರ ಚಿತ್ತಾರವೆಂದರೆ ಮಡಕೆಯ ಮೇಲಿನದು. ಮನುಷ್ಯರ ಆಕೃತಿ ಬರೆಯುವುದು ಗಂಡಸರ ಕೆಲಸ. ಈಕೆ ಗಂಡಸರ ನಡುವೆ ಒಬ್ಬಳೇ ಕೂತು ಕಾಗದದ ಮೇಲೆ ಜಲವರ್ಣದಲ್ಲಿ ತನ್ನವರ ಕುಣಿತ ಬರೆದಳು. ಜೋಳದ ಕುಣಿತದ ಹೆಂಗಸರ ತಲೆಯ ಮೇಲಿನ ಹಲಗೆ, ಕೈಯಲ್ಲಿನ ಹಸಿರು ಸೊಪ್ಪು, ಬರಿಗಾಲು, ಎಲ್ಲವೂ ಇದ್ದಲ್ಲೇ ಇವೆ. ಹಿಂದೆ ಮಾತ್ರ ಏನೂ ಇಲ್ಲ, ಬಿಳಿ ಕಾಗದ. ಆ ಊರುಗಳಲ್ಲಿ ಹೊರಗಿನವರಿಗೆ ತೋರಿಸದ ಆಚರಣೆಗಳಿವೆ. ಹಾಗಾಗಿ ಆ ಖಾಲಿಯನ್ನು ನಾನು ಕೊರತೆಯೆಂದು ಓದುವುದಿಲ್ಲ. ತೋರಿಸಬೇಕಾದ್ದು ಇಷ್ಟು, ಉಳಿದದ್ದು ನಮ್ಮದು ಎಂದು ಆಕೆ ಹೇಳಿದಂತೆ ಕೇಳಿಸುತ್ತದೆ.

ಇದನ್ನು ಹೂವಿನ ಕಥೆ ಮಾಡುವುದೂ ಬೇಡ. 1921ರಲ್ಲಿ ಅಮೆರಿಕ ಸರ್ಕಾರದ ಇಂಡಿಯನ್ ಇಲಾಖೆಯ ಕಮಿಷನರ್ ಚಾರ್ಲ್ಸ್ ಬರ್ಕ್ ಮೂಲನಿವಾಸಿಗಳ ಕುಣಿತಗಳನ್ನು ಹತ್ತಿಕ್ಕಲು ಸುತ್ತೋಲೆ ಹೊರಡಿಸಿದ. ಅದೇ ಕಾಲಕ್ಕೆ ಆ ಕುಣಿತದ ಚಿತ್ರಗಳನ್ನು ಬಿಳಿಯರು ಕೊಂಡು ಗೋಡೆಗೆ ಹಾಕಿಕೊಳ್ಳುತ್ತಿದ್ದರು. ಕುಣಿಯುವವರು ಬೇಡ, ಚಿತ್ರ ಬೇಕು! ನಮಗೆ ಇದು ಹೊಸದೇ? ತಮಟೆ ವೇದಿಕೆಯ ಮೇಲೆ ಬೇಕು, ಬಡಿಯುವವನು ಮನೆಯ ನಡುಮನೆಗೆ ಬೇಡ.

ಹಾಗಾದರೆ ಕೇರಿಯವರೇ ಕೇರಿಯನ್ನು ಬರೆಯಬೇಕೇ, ಕಲೆಗೂ ಬೇಲಿಯೇ ಎಂದು ಕೇಳುವವರಿದ್ದಾರೆ. ಬೇಲಿ ಹಾಕುತ್ತಿಲ್ಲ. ಯಾರು ಬೇಕಾದರೂ ಬರೆಯಲಿ. ಆದರೆ ಮೊದಲು ತಮಟೆ ಕಾಯಿಸುವ ಬೆಂಕಿಯ ಪಕ್ಕ ಒಂದು ಸಂಜೆ ಕೂರಲಿ. ನಿಮ್ಮನ್ನು ಬರೆಯಲೇ ಎಂದು ಕೇಳಲಿ, ಬೇಡ ಎಂದರೆ ಕುಂಚ ಕೆಳಗಿಡಲಿ. ಅಪ್ಪನ ಸಾವಿಗೆ ಬಡಿದ ಗತ್ತು ಫ್ಲೆಕ್ಸಿಗೆ ಅಲಂಕಾರವಾಗುವುದು ಅವನಿಗೆ ಬೇಡವಿರಬಹುದು. ಬರೆದ ಮೇಲೆ ಚಿತ್ರದ ಕೆಳಗೆ ಕುಣಿದವರ ಹೆಸರು, ಊರು ಹಾಕಲಿ. ಗೋಡೆ ಬರೆಸಿದ ದುಡ್ಡಿನಲ್ಲಿ ಅವರಿಗೂ ಪಾಲು ಕೊಡಲಿ. ಇಷ್ಟಕ್ಕೆ ಕಲೆಯ ಸ್ವಾತಂತ್ರ್ಯ ಕೆಡುವುದಾದರೆ ಕೆಡಲಿ ಬಿಡಿ.

ನನ್ನ ನಿಜವಾದ ಆಸೆ ಬೇರೆಯೇ ಇದೆ. ಈ ನಾಲ್ಕು ತಾಲ್ಲೂಕುಗಳ ಯಾವುದೋ ಕೇರಿಯಲ್ಲಿ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ತಾತನನ್ನು ಬರೆಯುವ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ಅವಳಿಗೆ ಯಾವ ಕೈಗೆ ಯಾವ ಕಡ್ಡಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ತಾತ ಯಾವಾಗ ನಗುತ್ತಾನೆ, ಯಾವಾಗ ನಗುವುದಿಲ್ಲ ಎಂಬುದೂ ಅವಳಿಗೆ ಗೊತ್ತು. ಮುಂದಿನ ಸಲ ಗೋಡೆಗೆ ಸುಣ್ಣ ಬಳಿಸುವವರು ಬಣ್ಣದ ಡಬ್ಬಿಯನ್ನು ಅವಳ ಕೈಗೆ ಕೊಡಲಿ.