ನಲವತ್ತರ ವಿದ್ಯಾರ್ಥಿಗೂ ವಿದ್ಯಾನಿಧಿ

ಲೆಕ್ಕ ಬರೆಯುವ ಉದ್ಯೋಗದಿಂದ ಸಾಫ್ಟ್‌ವೇರ್ ಕ್ಷೇತ್ರಕ್ಕೆ ಸ್ವಯಂಕಲಿಕೆಯಿಂದಲೇ ದಾಟಲು ಯತ್ನಿಸುವ ನಡುವಯಸ್ಕರು ನಮ್ಮಲ್ಲಿದ್ದಾರೆ. ಪಾಠಗಳಿಗೆ ಕೊರತೆಯಿಲ್ಲ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳನ್ನು ಕೇಳಲು ಶುಲ್ಕವಿಲ್ಲ. 2014ರಲ್ಲಿ ಫ್ರೀಕೋಡ್‌ಕ್ಯಾಂಪ್ ಎಂಬ ಉಚಿತ ತಾಣವನ್ನು ತೆರೆದ ಅಮೆರಿಕದ ಕ್ವಿನ್ಸಿ ಲಾರ್ಸನ್ ಸ್ವತಃ ಶಾಲೆಯ ಆಡಳಿತಗಾರರಾಗಿದ್ದು, ಮೂವತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿತವರು.

ವೆಚ್ಚವಿರುವುದು ವೇಳೆಯಲ್ಲಿ. ವಿರಾರ್‌ನಿಂದ ಚರ್ಚ್‌ಗೇಟಿಗೆ ದಿನವೂ ಹೋಗಿಬರುವವನಿಗೆ ಉಳಿಯುವುದು ರಾತ್ರಿಯ ಒಂದು ತಾಸು. ನೌಕರಿ ಬಿಟ್ಟು ಕಲಿಯೋಣವೆಂದರೆ ಮನೆಸಾಲದ ಕಂತು ಕಟ್ಟುವವರಾರು? ಲಕ್ಷಗಟ್ಟಲೆ ಶುಲ್ಕಕ್ಕೆ ನೌಕರಿಯ ಭರವಸೆ ಮಾರುವ ತರಬೇತಿ ಕೇಂದ್ರಗಳು ಬದುಕುವುದು ಈ ಆತಂಕದ ಮೇಲೆಯೇ.

ಇದ್ದ ವಿದ್ಯೆಯನ್ನು ಎಸೆಯಬೇಕಾಗಿಲ್ಲ. ಜಿಎಸ್‌ಟಿಆರ್-2ಬಿಯನ್ನು ಖರೀದಿ ಪುಸ್ತಕದೊಡನೆ ತಾಳೆ ನೋಡುವ ಪ್ರೋಗ್ರಾಮನ್ನು ಪೈಥಾನ್‌ನಲ್ಲಿ ಬರೆಯಬಲ್ಲ ಲೆಕ್ಕಿಗನು ಇಪ್ಪತ್ತೆರಡರ ಎಂಜಿನಿಯರನಿಗಿಂತ ಒಂದು ಹೆಜ್ಜೆ ಮುಂದಿರುತ್ತಾನೆ. ವ್ಯಾಪಾರಿಗಳು ಬಿಲ್ಲಿನ ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ತಪ್ಪಾಗಿ ಬರೆಯುತ್ತಾರೆಂಬುದು ಅವನಿಗೆ ಗೊತ್ತು.

ಇಂಥವರು ವಿದ್ಯಾನಿಧಿಗೆ ಅರ್ಜಿ ಹಾಕಿದರೆ ಕಾಲೇಜಿನ ಪ್ರವೇಶಪತ್ರ ಕೇಳಲಾಗುತ್ತದೆ. ಟ್ರಸ್ಟಿಗಳ ಅಂಜಿಕೆಗೆ ಕಾರಣವುಂಟು: 'ಸಂಯುಕ್ತ ಕರ್ನಾಟಕ'ದ ಲೋಕ ಶಿಕ್ಷಣ ಟ್ರಸ್ಟಿನ ಆದಾಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರಲ್ಲಿ, ಶಿಕ್ಷಣವೆಂದರೆ ಎಳೆಯರಿಗೆ ಕ್ರಮಬದ್ಧವಾಗಿ ನೀಡುವ ಬೋಧನೆ ಎಂದು ಅರ್ಥೈಸಿತು. ಅಂಜಿಕೆ ಸರಿ, ಅದು ನೆಪವಾಗಬಾರದು. ಬಡವರ ನೆರವು ಎಂಬ ಉದ್ದೇಶವೂ ಹಲವು ಟ್ರಸ್ಟ್ ಡೀಡುಗಳಲ್ಲಿದೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹಗಲೆಲ್ಲ ಹೋಟೆಲಿನಲ್ಲಿ ದುಡಿದವರನ್ನು ವಿದ್ಯಾರ್ಥಿಗಳೆಂದೇ ಎಣಿಸಿದವು. ಬರೆದು ತೋರಿಸಿದ ಪ್ರೋಗ್ರಾಮನ್ನೇ ಅರ್ಹತೆಯೆಂದು ಪರಿಗಣಿಸಿ, ಕೊರತೆಯಿರುವ ಕುಟುಂಬಕ್ಕೆ ಆರು ತಿಂಗಳ ಮನೆಖರ್ಚಿನ ಬಡ್ಡಿರಹಿತ ಸಾಲ ಕೊಡುವ ಗೊತ್ತುವಳಿಯನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲೇ ಸದಸ್ಯರು ಮಂಡಿಸಲಿ.