ಎಲ್ಲರೂ ನಗುವ ಕಚೇರಿ
ಬೆಳಗ್ಗೆ ಮಾರಿಕುಪ್ಪಂ ಕಡೆಯಿಂದ ಹೊರಡುವ ರೈಲು ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಯುವಕ ಯುವತಿಯರನ್ನು ಬೆಂಗಳೂರಿನ ಕೆಲಸಕ್ಕೆ ಹೊತ್ತೊಯ್ಯುತ್ತದೆ. ಅವರಲ್ಲಿ ಕೆಲವರ ಪಕ್ಕದ ಮೇಜಿನಲ್ಲಿ ಜಪಾನಿನವರೋ ಜರ್ಮನಿಯವರೋ ಕುಳಿತಿರಬಹುದು. ಬೇರೆ ಬೇರೆ ದೇಶದವರು ನಗುನಗುತ್ತಾ ದುಡಿಯಲೆಂದು ಅನೇಕ ಕಂಪನಿಗಳು ಆಟ, ಹಾಡು, ಪಾರ್ಟಿಗಳನ್ನು ಏರ್ಪಡಿಸುತ್ತವೆ. ಆದರೆ ಅಷ್ಟಿದ್ದರೆ ಸಾಕೆ? ಈ ಯುವಜನರ ಊರಿನ ಇತಿಹಾಸದಲ್ಲೇ ಇದಕ್ಕೆ ಉತ್ತರವಿದೆ.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ನುರಿತ ಗಣಿಗಾರರು ಬಂದರು. ಇಟಲಿಯವರು, ಆಂಗ್ಲೋ ಇಂಡಿಯನ್ನರು, ಪಂಜಾಬಿನ ಕಾವಲುಗಾರರು, ತಮಿಳರು, ತೆಲುಗರು, ಕನ್ನಡಿಗರು ಒಂದೆಡೆ ಸೇರಿದರು. ಮೋಜಿಗೇನೂ ಕೊರತೆಯಿರಲಿಲ್ಲ. ಕ್ಲಬ್ಬು, ಟೆನಿಸ್, ಗಾಲ್ಫ್ ಎಲ್ಲವೂ ಇದ್ದು, ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೇ ಬಿತ್ತು.

ಆದರೆ ಆ ಮೋಜು ಯಾರದು? ದೊರೆಗಳು ವಿಶಾಲ ಬಂಗಲೆಗಳಲ್ಲಿದ್ದರೆ, ಸುರಂಗಕ್ಕಿಳಿಯುವ ಕೂಲಿಯವರು ಸಾಲು ಗುಡಿಸಲುಗಳಲ್ಲಿದ್ದರು. 1930ರಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಗೌರವವಿಲ್ಲದ ಕಡೆ ಕ್ಲಬ್ಬಿನ ಸಂಗೀತ ಯಾರ ಮನಸ್ಸನ್ನು ತಣಿಸೀತು?

ಇದೇ ಗಣಿಯಲ್ಲಿ 1965ರಲ್ಲಿ ಇನ್ನೊಂದು ಬಗೆಯ ಕೆಲಸ ನಡೆಯಿತು. ಚಾಂಪಿಯನ್ ರೀಫ್‌ನ ಸುಮಾರು 2,300 ಮೀಟರ್ ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಟ್ಟಾಗಿ ಉಪಕರಣಗಳನ್ನಿಟ್ಟರು. ಮೇಲಿನ ಬಂಡೆ ಇತರ ವಿಶ್ವಕಿರಣಗಳನ್ನು ತಡೆಯುವುದರಿಂದ ಅಷ್ಟು ಆಳ ಬೇಕಾಗಿತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಜಗತ್ತಿನಲ್ಲೇ ಮೊದಲು ಕಂಡ ತಂಡಗಳಲ್ಲಿ ಇದೂ ಒಂದು. ಫಲಿತಾಂಶ ಪ್ರಕಟವಾದಾಗ ಮೂರೂ ದೇಶದವರ ಹೆಸರುಗಳು ಒಂದೇ ಪ್ರಬಂಧದಲ್ಲಿದ್ದವು. ಕೆಲಸದಲ್ಲಿ ಪಾಲು, ಹೆಸರಿನಲ್ಲೂ ಪಾಲು. ಸಂತೋಷದ ಬುನಾದಿ ಇದೇ.

ಆ ಬುನಾದಿ ಇದ್ದರೆ ಆಟಪಾಟಕ್ಕೂ ಅರ್ಥ ಬರುತ್ತದೆ. ಔತಣಕ್ಕೆ ಮುನ್ನ ಯಾರು ಏನು ತಿನ್ನುವುದಿಲ್ಲವೆಂದು ಕೇಳಬೇಕು. ಭಾಷೆ ತಿಳಿಯದ ಒಬ್ಬರಿದ್ದರೂ ಅವರಿಗೆ ಅರ್ಥವಾಗುವ ಮಾತಿನಲ್ಲೇ ಹರಟಬೇಕು. ಬಣ್ಣ, ಉಚ್ಚಾರಣೆ, ಊರುಗಳನ್ನು ತಮಾಷೆಗೆ ವಸ್ತುವಾಗಿಸಬಾರದು. ಕುಣಿಯಲು ನಾಚುವವರನ್ನು ಬಲವಂತದಿಂದ ಎಳೆಯಬಾರದು.

ವಿದ್ಯಾರ್ಥಿಗಳು ಇದನ್ನು ಕಲಿಯಲು ಕೆಲಸ ಸಿಗುವವರೆಗೆ ಕಾಯಬೇಕಿಲ್ಲ. ಕಾಲೇಜಿನ ಪ್ರಾಜೆಕ್ಟಿಗೆ ಬೇರೆ ಭಾಷೆಯ ಸಹಪಾಠಿಯನ್ನು ಸೇರಿಸಿಕೊಳ್ಳಿ, ಅವರ ಹೆಸರನ್ನು ಸರಿಯಾಗಿ ಉಚ್ಚರಿಸಿ. ತಂದೆತಾಯಿಯರೂ ಒಂದನ್ನು ಗಮನಿಸಬೇಕು: ಪರಭಾಷೆಯವರ ಬಗ್ಗೆ ಮನೆಯಲ್ಲಿ ಆಡುವ ಹಗುರ ಮಾತನ್ನೇ ಮಕ್ಕಳು ನಾಳೆ ಕಚೇರಿಗೆ ಕೊಂಡೊಯ್ಯುತ್ತಾರೆ.

2001ರಲ್ಲಿ ಗಣಿ ಮುಚ್ಚಿತು. ಆದರೆ ನಾಲ್ಕಾರು ಭಾಷೆಗಳ ನಡುವೆ ಬೆಳೆಯುವ ಭಾಗ್ಯ ಈ ಊರಿನ ಮಕ್ಕಳಿಗೆ ಇನ್ನೂ ಉಳಿದಿದೆ. ಅದು ಚಿನ್ನಕ್ಕಿಂತ ಕಡಿಮೆಯದೇನಲ್ಲ.