ಹಳೆಯ ಸೆರೆಮನೆಯ ಕೂಗು

ಪಾಳು ಸೆರೆಮನೆಗಳಲ್ಲಿ ಉಪಕರಣ ಹಿಡಿದು ಪ್ರೇತಗಳ ದನಿ ಹುಡುಕುವ ವಿಡಿಯೋಗಳನ್ನು ನಮ್ಮ ಅಂತರಸಂತೆಯ ಮಕ್ಕಳೂ ಈಗ ನೋಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾರಣ ಮೂಢನಂಬಿಕೆಯೊಂದೇ ಅಲ್ಲ. ಪ್ರೇತಕಥೆ ಹುಟ್ಟಿದೊಡನೆ, ಸೆರೆಯಲ್ಲಿಟ್ಟವರು ಯಾರೆಂಬ ಪ್ರಶ್ನೆ ಮರೆಯಾಗುತ್ತದೆ.

ಇಂದು ಫ್ರೀಡಂ ಪಾರ್ಕ್ ಆಗಿರುವ ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹದಲ್ಲಿಯೂ ರಾತ್ರಿ ಹೆಣ್ಣೊಬ್ಬರ ಚೀತ್ಕಾರ ಕೇಳಿಸುತ್ತಿತ್ತು. ಅದನ್ನು ಬರೆದಿಟ್ಟವರು ತುರ್ತುಪರಿಸ್ಥಿತಿಯಲ್ಲಿ ಅಲ್ಲಿಯೇ ಸೆರೆಯಲ್ಲಿದ್ದ ಮಧು ದಂಡವತೆ. ಕೂಗಿದವರು, 1976ರ ಮೇ ತಿಂಗಳಲ್ಲಿ ಬಂಧಿತರಾಗಿ ಉಬ್ಬಸದಿಂದ ನರಳುತ್ತಿದ್ದ ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನೀವು ಕಂಡವರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು 20ರಂದು ತೀರಿಕೊಂಡರು. ಅವರ ಸೆರೆಮನೆಯ ದಿನಚರಿ ಅದೇ ವರ್ಷ ಅಚ್ಚಾಯಿತು. ವಿಡಿಯೋ ನೋಡುವ ಮಕ್ಕಳ ಕೈಗೆ ಅದನ್ನು ಕೊಡಿರಿ.